ಮಿಂಚಂಚೆಯ ಅನಿರೀಕ್ಷಿತ ಲಗತ್ತುಗಳು: ಸಂದೇಶರೂಪದ ತೊಡಕು ಮತ್ತು ಪರಿಹಾರ

ಕಳಿಸಿದವರು ಏನನ್ನೂ ಲಗತ್ತಿಸದಿದ್ದರೂ, ಅಥವಾ ಅವರು ಲಗತ್ತಿಸಿದ್ದು ಬೇರೆಯೇ ಆಗಿದ್ದರೂ, ಪತ್ರದ ಜೊತೆಗೆ ಬಂದು ಕೂರುವ ಅಪರಿಚಿತ ಕಡತಗಳನ್ನು ಅನಿರೀಕ್ಷಿತ ಲಗತ್ತುಗಳು ಎನ್ನಬಹುದು. ವಿನ್‌ಮೇಲ್.ಡ್ಯಾಟ್, ಎಟಿಟಿ00001.ಎಚ್‌ಟಿಎಂ, ಇಮೇಜ್001.ಪಿಎನ್‌ಜಿ, ನೋನೇಮ್, ಎಸ್‌ಮೈಮ್.ಪಿ7ಎಸ್ ಇವು ಹೆಚ್ಚಾಗಿ ಕಾಣುವ ಹೆಸರುಗಳು. ಇವುಗಳಲ್ಲಿ ಬಹುಪಾಲು ವೈರಸ್ಸೂ ಅಲ್ಲ, ಯಾರೋ ಕೈತಪ್ಪಿ ಸೇರಿಸಿದ ಕಡತವೂ ಅಲ್ಲ. ಅಕ್ಷರದ ದಪ್ಪ, ಬಣ್ಣ, ಫಾಂಟು, ಸಹಿಯ ಕೆಳಗಿನ ಲಾಂಛನ ಮುಂತಾದ ಪತ್ರದ ಉಡುಪು ಪಡೆದವರ ತಂತ್ರಾಂಶಕ್ಕೆ ಅರ್ಥವಾಗದೆ ಕಳಚಿ ಬಿದ್ದಾಗ ಅದು ಕಡತದ ರೂಪದಲ್ಲಿ ಕಾಣಿಸುತ್ತದೆ. ತೊಂದರೆ ಕಾಣುವುದು ಪಡೆದವರ ಪರದೆಯಲ್ಲಿ, ಹುಟ್ಟುವುದು ಹೆಚ್ಚಾಗಿ ಕಳಿಸಿದವರ ಯಂತ್ರದಲ್ಲಿ. ಪರಿಹಾರ ತಡವಾಗುವುದಕ್ಕೆ ಮುಖ್ಯ ಕಾರಣ ಇದೇ: ತೊಂದರೆ ಅನುಭವಿಸುವವರ ಕೈಯಲ್ಲಿ ಅದನ್ನು ಸರಿಪಡಿಸುವ ಗುಂಡಿ ಇರುವುದಿಲ್ಲ, ಗುಂಡಿ ಇರುವವರಿಗೆ ತೊಂದರೆ ಕಾಣುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳಲ್ಲಿ ಈ ತೊಡಕು ಹುಟ್ಟಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಭಟ್ಕಳದ ಅನೇಕ ಕುಟುಂಬಗಳ ದುಡಿಯುವ ಮಂದಿ ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಅಲ್ಲಿಯ ಕಂಪನಿಗಳ ಗಣಕದಿಂದ ಹೊರಟ ಕಾಗದಪತ್ರ ಇಲ್ಲಿ ಮನೆಯವರ ಮೊಬೈಲಿನಲ್ಲಿ ತೆರೆದುಕೊಳ್ಳಬೇಕು. ಬಸ್‌ಸ್ಟ್ಯಾಂಡಿನ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಅರ್ಜಿ, ಆಮಂತ್ರಣ, ಪತ್ರಿಕಾ ಪ್ರಕಟಣೆಗಳು ಹಳೆಯ ಫಾಂಟುಗಳಲ್ಲಿ ತಯಾರಾಗಿ ಇಮೇಲ್ ಮೂಲಕ ಹೊರಡುತ್ತವೆ. ಸಾಲದ್ದಕ್ಕೆ ಬರೆಹಕ್ಕೆ ಇಲ್ಲಿ ಮೂರು ಲಿಪಿಗಳಿವೆ: ಕನ್ನಡ, ಇಂಗ್ಲಿಷ್, ಮತ್ತು ನವಾಯತಿ ಹಾಗೂ ಉರ್ದುವನ್ನು ಬರೆಯುವ ಬಲದಿಂದ ಎಡಕ್ಕೆ ಸಾಗುವ ಪರ್ಸೋ-ಅರಬಿ ಲಿಪಿ. ಇಂಗ್ಲಿಷ್ ಒಂದನ್ನೇ ಬಳಸುವವರಿಗೆ ಎದುರಾಗದ ಕೆಲವು ತೊಡಕುಗಳು ಇಲ್ಲಿ ದಿನನಿತ್ಯದವು.

ತೊಡಕಿನ ಬೇರು ಇಮೇಲಿನ ಹುಟ್ಟಿನಲ್ಲಿಯೇ ಇದೆ. 1982ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 822 ಎಂಬ ನಿಯಮಾವಳಿಯ ಪ್ರಕಾರ ಇಮೇಲ್ ಎಂದರೆ ಬರಿಯ ಆಸ್ಕಿ ಪಠ್ಯ, ಅಂದರೆ 7 ಬಿಟ್‌ನ 128 ಸಂಕೇತಗಳು. ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ, ಚಿತ್ರಕ್ಕೂ ಇರಲಿಲ್ಲ. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರು ಮೈಮ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. 1996ರಲ್ಲಿ ಅದು ಆರ್‌ಎಫ್‌ಸಿ 2045ರಿಂದ 2049ರವರೆಗಿನ ಐದು ದಾಖಲೆಗಳಾಗಿ ನೆಲೆನಿಂತು ಇವತ್ತಿಗೂ ಬಳಕೆಯಲ್ಲಿದೆ. ಮೈಮ್ ಹಳೆಯ ಪಠ್ಯವ್ಯವಸ್ಥೆಯನ್ನು ಕೆಡವಲಿಲ್ಲ. ಅದರೊಳಗೇ ಅಡ್ಡಗೋಡೆಗಳನ್ನು ಕಟ್ಟಿ ಸಂದೇಶವನ್ನು ಕೋಣೆಗಳಾಗಿ ವಿಂಗಡಿಸಿತು. ಪ್ರತಿ ಕೋಣೆಯ ಬಾಗಿಲಿಗೂ ಒಂದು ಫಲಕ: ಒಳಗಿರುವುದು ಪಠ್ಯವೇ, ಚಿತ್ರವೇ, ಯಾವ ಸಂಕೇತದಲ್ಲಿದೆ ಎಂದು ಹೇಳುವ ಕಂಟೆಂಟ್-ಟೈಪ್. ಮುಂದೆ ಇನ್ನೊಂದು ಫಲಕವೂ ಸೇರಿತು. ಆ ಭಾಗವನ್ನು ಪತ್ರದ ಒಳಗೇ ತೋರಿಸಬೇಕೋ, ಬೇರೆ ಕಡತವಾಗಿ ಇಡಬೇಕೋ ಎಂದು ತಿಳಿಸುವ ಕಂಟೆಂಟ್-ಡಿಸ್ಪೊಸಿಷನ್. ಅದರ ನಿಯಮ 1997ರ ಆರ್‌ಎಫ್‌ಸಿ 2183ರಲ್ಲಿದೆ.

ಕೋಣೆಗಳನ್ನು ಜೋಡಿಸುವ ಕ್ರಮಗಳಲ್ಲಿ ಮೂರು ಇಲ್ಲಿ ಮುಖ್ಯ. ಒಂದೇ ಪತ್ರದ ಸರಳ ಪಠ್ಯವನ್ನೂ ಅಲಂಕೃತ ಎಚ್‌ಟಿಎಂಎಲ್ ರೂಪವನ್ನೂ ಜೊತೆಗಿಟ್ಟು, ತನಗೆ ತಿಳಿಯುವುದನ್ನು ತೋರಿಸು ಎಂದು ಹೇಳುವುದು ಆಲ್ಟರ್ನೇಟಿವ್. ಎಚ್‌ಟಿಎಂಎಲ್ ಮತ್ತು ಅದರೊಳಗೆ ಕೂರಬೇಕಾದ ಚಿತ್ರಗಳನ್ನು ಒಂದು ಕಟ್ಟಾಗಿ ಕಟ್ಟುವುದು ರಿಲೇಟೆಡ್. ಪರಸ್ಪರ ಸಂಬಂಧವಿಲ್ಲದ ಭಾಗಗಳನ್ನು ಸಾಲಾಗಿ ಇಡುವುದು ಮಿಕ್ಸ್ಡ್. ಈ ಜೋಡಣೆಯಲ್ಲಿ ಒಂದು ಫಲಕ ತಪ್ಪಿದರೆ ಸಾಕು, ಪಡೆದ ತಂತ್ರಾಂಶ ಅನುಮಾನಕ್ಕೆ ಬೀಳುತ್ತದೆ. ಅನುಮಾನ ಬಂದಾಗ ತಂತ್ರಾಂಶಗಳು ಆ ಭಾಗವನ್ನು ಎಸೆಯುವುದಿಲ್ಲ, ಲಗತ್ತು ಎಂದು ತೋರಿಸುತ್ತವೆ. ಮಾಹಿತಿ ಕಳೆದುಹೋಗುವುದಕ್ಕಿಂತ ಅದೇ ಮೇಲು ಎಂಬ ಈ ತೀರ್ಮಾನ ಸರಿಯಾದದ್ದೇ. ಅನಿರೀಕ್ಷಿತ ಲಗತ್ತುಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ.

ಕನ್ನಡ ಪಠ್ಯ ಈ ವ್ಯವಸ್ಥೆಯೊಳಗೆ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಪದದ ಮಟ್ಟದಲ್ಲಿ ನೋಡಬಹುದು. ಯೂನಿಕೋಡಿನಲ್ಲಿ ‘ಭಟ್ಕಳ’ ಎಂಬ ಪದಕ್ಕೆ ಭ, ಟ, ಹಲಂತ ಚಿಹ್ನೆ, ಕ, ಳ ಎಂಬ 5 ಸಂಕೇತಗಳು ಬೇಕು. ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 15 ಬೈಟ್. ಹಳೆಯ ಆಸ್ಕಿ ದಾರಿಯಲ್ಲಿ ಸುರಕ್ಷಿತವಾಗಿ ಸಾಗಲೆಂದು ಇದನ್ನು ಬೇಸ್64 ಎಂಬ ಕ್ರಮದಲ್ಲಿ ಬರೆದಾಗ 3 ಬೈಟಿಗೆ 4 ಅಕ್ಷರದಂತೆ 20 ಇಂಗ್ಲಿಷ್ ಅಕ್ಷರಗಳಾಗುತ್ತವೆ. ಕ್ವೋಟೆಡ್-ಪ್ರಿಂಟಬಲ್ ಎಂಬ ಇನ್ನೊಂದು ಕ್ರಮದಲ್ಲಾದರೆ 45. ಬೇಸ್64ರಲ್ಲಿ ಬರೆದ ಕನ್ನಡವನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ಸಾಲು ಕನ್ನಡ ಅಕ್ಷರದಿಂದಲೇ ಶುರುವಾದರೆ ಮೊದಲಿಗೆ 4 ಎಂಬ ಅಂಕಿ, ಆಮೇಲೆ ಇಂಗ್ಲಿಷಿನ ಎಲ್, ಅದರ ಹಿಂದೆ ಕೆ ಅಥವಾ ಒ ಇರುತ್ತದೆ. ಅದೇ ಜೋಡಿ ಸಾಲಿನಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗ್ರಾಹಕರು ‘ಇಂಗ್ಲಿಷಿನಲ್ಲಿ ಏನೋ ಗಲೀಜು ಬಂದಿದೆ’ ಎಂದು ಮೊಬೈಲು ಚಾಚಿದಾಗ ಈ ಗುರುತು ತಿಳಿದಿದ್ದರೆ, ಪತ್ರ ಹಾಳಾಗಿಲ್ಲ, ಬಿಡಿಸುವುದು ಮಾತ್ರ ಬಾಕಿ ಎಂದು ಧೈರ್ಯವಾಗಿ ಹೇಳಬಹುದು. ತಲೆಯ ಮೇಲೆ ಗೀಟಿರುವ ಎ ಅಕ್ಷರವೂ ಮೇಲಕ್ಕೆ ಎತ್ತಿ ಬರೆದ ಪುಟ್ಟ 2 ಅಥವಾ 3 ಎಂಬ ಅಂಕಿಯೂ ಸಾಲುಸಾಲಾಗಿ ಕಂಡರೆ ಅದು ಬೇರೆ ತೊಡಕು: ಯುಟಿಎಫ್-8 ಪಠ್ಯವನ್ನು ಪಶ್ಚಿಮ ಯುರೋಪಿನ ಸಂಕೇತವೆಂದು ತಂತ್ರಾಂಶ ತಪ್ಪಾಗಿ ಓದುತ್ತಿದೆ, ಅಷ್ಟೆ.

ಅನಿರೀಕ್ಷಿತ ಲಗತ್ತುಗಳಲ್ಲಿ ಅತ್ಯಂತ ಕಾಡುವುದು ವಿನ್‌ಮೇಲ್.ಡ್ಯಾಟ್. ಮೈಕ್ರೋಸಾಫ್ಟಿನ ಔಟ್‌ಲುಕ್ ಮತ್ತು ಎಕ್ಸ್‌ಚೇಂಜ್ ತಂತ್ರಾಂಶಗಳಲ್ಲಿ ಪತ್ರ ಬರೆಯಲು ಸರಳ ಪಠ್ಯ, ಎಚ್‌ಟಿಎಂಎಲ್, ರಿಚ್ ಟೆಕ್ಸ್ಟ್ ಎಂಬ ಮೂರು ರೂಪಗಳಿವೆ. ರಿಚ್ ಟೆಕ್ಸ್ಟ್ ಆರಿಸಿದಾಗ ಅಕ್ಷರದ ಅಲಂಕಾರವನ್ನೂ ಲಗತ್ತುಗಳನ್ನೂ ಒಟ್ಟುಗೂಡಿಸಿ ಟಿನೆಫ್ ಎಂಬ ಮೈಕ್ರೋಸಾಫ್ಟಿನದೇ ಆದ ಮೂಟೆಯಲ್ಲಿ ಕಟ್ಟಲಾಗುತ್ತದೆ. ಆ ಮೂಟೆಯ ಹೆಸರೇ ವಿನ್‌ಮೇಲ್.ಡ್ಯಾಟ್. ಆ ಕಡೆಯೂ ಔಟ್‌ಲುಕ್ ಇದ್ದರೆ ಮೂಟೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಇಂಥದೊಂದು ಇತ್ತೆಂಬುದೇ ಯಾರಿಗೂ ತಿಳಿಯುವುದಿಲ್ಲ. ಬೇರೆ ತಂತ್ರಾಂಶವಿದ್ದರೆ ಪಠ್ಯ ಬೋಳಾಗಿ ಬರುತ್ತದೆ, ಜೊತೆಗೆ ತೆರೆಯಲಾಗದ ಒಂದು ಕಡತ. ದುಬೈನ ಕಚೇರಿಯಿಂದ ಹೊರಟ ಸಂಬಳದ ಪ್ರಮಾಣಪತ್ರದ ಪಿಡಿಎಫ್ ಭಟ್ಕಳದ ಮನೆಯಲ್ಲಿ ವಿನ್‌ಮೇಲ್.ಡ್ಯಾಟ್ ಆಗಿ ಇಳಿಯುವುದು ಹೀಗೆ. ಕಳಿಸಿದವರು ತಮ್ಮ ‘ಸೆಂಟ್’ ಪೆಟ್ಟಿಗೆ ತೆರೆದು ಪಿಡಿಎಫ್ ಸರಿಯಾಗಿಯೇ ಇದೆ ಎನ್ನುತ್ತಾರೆ. ಪಡೆದವರು ಬಂದೇ ಇಲ್ಲ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ.

ಕಡತದ ಗಾತ್ರ ನೋಡಿ ಮುಂದಿನ ಹೆಜ್ಜೆ ನಿರ್ಧರಿಸಬಹುದು. ಕೆಲವೇ ಕೆಬಿ ಇದ್ದರೆ ಅದರೊಳಗೆ ಅಕ್ಷರದ ಅಲಂಕಾರ ಮಾತ್ರ ಇರುವ ಸಂಭವ ಹೆಚ್ಚು, ಬಿಟ್ಟರೂ ನಷ್ಟವಿಲ್ಲ. ನೂರಾರು ಕೆಬಿ ಅಥವಾ ಎಂಬಿಗಳಲ್ಲಿದ್ದರೆ ಒಳಗೆ ನಿಜವಾದ ಕಡತವಿದೆ. ಕಡತದ ಹೆಸರಿನ ಬಾಲವನ್ನು ಡ್ಯಾಟ್ ಬದಲು ಪಿಡಿಎಫ್ ಎಂದು ತಿದ್ದಿ ತೆರೆಯಲು ನೋಡುವುದು ಸಾಮಾನ್ಯ. ಅದರಿಂದ ಪ್ರಯೋಜನವಿಲ್ಲ, ಚೀಲದ ಮೇಲಿನ ಚೀಟಿ ಬದಲಾದರೆ ಒಳಗಿನ ಸರಕು ಬದಲಾಗುವುದಿಲ್ಲ. ಮೂಟೆ ಬಿಚ್ಚಲು ಬೇರೆ ತಂತ್ರಾಂಶಗಳಿವೆ: ಲಿನಕ್ಸಿನಲ್ಲಿ ಟಿನೆಫ್ ಎಂಬ ಹೆಸರಿನದೇ ಉಚಿತ ಆದೇಶ, ಮ್ಯಾಕ್‌ನಲ್ಲಿ ಟಿನೆಫ್ಸ್ ಎನಫ್, ವಿಂಡೋಸಿನಲ್ಲಿ ವಿನ್‌ಮೇಲ್ ಓಪನರ್. ಜಾಲತಾಣಗಳಿಗೆ ಏರಿಸಿ ಬಿಡಿಸಿಕೊಳ್ಳುವ ಸೌಲಭ್ಯವೂ ಉಂಟು. ಆದರೆ ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ಕಾಗದ, ವೈದ್ಯಕೀಯ ವರದಿಗಳಿರಬಹುದಾದ ಮೂಟೆಯನ್ನು ಅಪರಿಚಿತರ ಸರ್ವರಿಗೆ ಏರಿಸುವುದು ಸಲ್ಲದು. ಕಳಿಸಿದವರಿಗೆ ಒಂದು ಫೋನು ಮಾಡಿ ಮತ್ತೆ ಕಳಿಸಲು ಹೇಳುವುದೇ ಲೇಸು.

ಶಾಶ್ವತ ಪರಿಹಾರ ಕಳಿಸುವ ಕಡೆ ಮೂರು ಹಂತಗಳಲ್ಲಿದೆ. ಒಂದೇ ಪತ್ರದ ಮಟ್ಟಿಗಾದರೆ ಬರೆಯುವ ಕಿಟಕಿಯ ‘ಫಾರ್ಮ್ಯಾಟ್ ಟೆಕ್ಸ್ಟ್’ ಪಟ್ಟಿಯಲ್ಲಿ ಎಚ್‌ಟಿಎಂಎಲ್ ಆರಿಸಿದರೆ ಸಾಕು. ಎಲ್ಲ ಪತ್ರಗಳಿಗೂ ಅನ್ವಯವಾಗಬೇಕಾದರೆ ಫೈಲ್, ಆಪ್ಷನ್ಸ್, ಮೇಲ್ ಎಂಬ ದಾರಿಯಲ್ಲಿ ಹೋಗಿ, ಹೊರಗಿನವರಿಗೆ ಹೋಗುವ ರಿಚ್ ಟೆಕ್ಸ್ಟ್ ಪತ್ರಗಳನ್ನು ಎಚ್‌ಟಿಎಂಎಲ್‌ಗೆ ಬದಲಿಸು ಎಂಬ ಆಯ್ಕೆಯನ್ನು ಇಡಬೇಕು. ಇಷ್ಟಾದರೂ ಒಬ್ಬರಿಗೆ ಮಾತ್ರ ತೊಂದರೆ ಮುಂದುವರಿದರೆ ಅವರ ವಿಳಾಸಕ್ಕೆ ಅಂಟಿಕೊಂಡ ಹಳೆಯ ಆಯ್ಕೆ ಕಾರಣವಿರಬಹುದು. ಎರಡು ಅಕ್ಷರ ಒತ್ತಿದೊಡನೆ ತಾನಾಗಿ ಮೂಡುವ ವಿಳಾಸಪಟ್ಟಿಯಿಂದ ಅದನ್ನು ಅಳಿಸಿ ಹೊಸದಾಗಿ ಪೂರ್ತಿ ಬರೆದರೆ ಹಲವು ಸಲ ಸರಿಹೋಗುತ್ತದೆ. ಮೂರನೆಯದು ಸಂಸ್ಥೆಯ ಸರ್ವರ್ ಹಂತ. ಎಕ್ಸ್‌ಚೇಂಜ್ ನಿರ್ವಾಹಕರು ರಿಮೋಟ್ ಡೊಮೇನ್ ವ್ಯವಸ್ಥೆಯಲ್ಲಿ ರಿಚ್ ಟೆಕ್ಸ್ಟ್ ಬಳಕೆಯನ್ನು ‘ನೆವರ್’ ಎಂದು ಇಟ್ಟರೆ ಆ ಸಂಸ್ಥೆಯಿಂದ ಹೊರಗೆ ಟಿನೆಫ್ ಮೂಟೆ ಹೋಗುವುದೇ ನಿಲ್ಲುತ್ತದೆ. ಬಳಕೆದಾರರ ಆಯ್ಕೆ ಏನೇ ಇದ್ದರೂ ಸರ್ವರಿನ ಆಯ್ಕೆ ಮೇಲುಗೈ ಪಡೆಯಬಲ್ಲದು. ಹೀಗಾಗಿ ನೌಕರರು ಎಷ್ಟು ತಿದ್ದಿಕೊಂಡರೂ ಸರಿಹೋಗದ ಪ್ರಸಂಗಗಳಲ್ಲಿ ಸರ್ವರ್ ನೋಡಿಕೊಳ್ಳುವವರನ್ನೇ ಕೇಳಬೇಕಾಗುತ್ತದೆ.

ಎಟಿಟಿ00001 ಎಂಬ ಹೆಸರಿನ ಕಡತಗಳ ಕಥೆ ಬೇರೆ. ಆಪಲ್ ಮೇಲ್‌ನಲ್ಲಿ ಎರಡು ಸಾಲು ಬರೆದು, ಫೋಟೋ ಸೇರಿಸಿ, ಅದರ ಕೆಳಗೆ ಮತ್ತೆ ಬರೆದಾಗ ಪತ್ರ ‘ಪಠ್ಯ, ಚಿತ್ರ, ಪಠ್ಯ’ ಎಂದು ಮೂರು ತುಂಡುಗಳಾಗಿ ಸಾಗಬಹುದು. ಔಟ್‌ಲುಕ್-ಎಕ್ಸ್‌ಚೇಂಜ್ ಜೋಡಿ ಮೊದಲ ತುಂಡನ್ನಷ್ಟೇ ಪತ್ರವೆಂದು ಪರಿಗಣಿಸಿ, ಚಿತ್ರದ ನಂತರದ ಪಠ್ಯಕ್ಕೆ ತಾನೇ ಎಟಿಟಿ00001.ಎಚ್‌ಟಿಎಂ ಎಂದು ಹೆಸರಿಟ್ಟು ಲಗತ್ತುಗಳ ಸಾಲಿಗೆ ಸೇರಿಸಿಬಿಡುತ್ತದೆ. ಹೊನ್ನಾವರದ ಒಂದು ಊರಿನ ಯಕ್ಷಗಾನ ಪ್ರದರ್ಶನದ ವರದಿಯನ್ನು ಐಫೋನಿನಲ್ಲಿ ಬರೆದು, ನಡುನಡುವೆ ವೇಷಗಳ ಫೋಟೋ ಇಟ್ಟು ಪತ್ರಿಕೆಗೆ ಕಳಿಸಿದರೆ, ಸುದ್ದಿಮನೆಗೆ ಮೊದಲ ಪ್ಯಾರಾ ಮಾತ್ರ ಪತ್ರವಾಗಿ ತಲಪಿ, ಭಾಗವತರ ಮತ್ತು ಕಲಾವಿದರ ಹೆಸರಿರುವ ಪ್ಯಾರಾ ಯಾರೂ ತೆರೆಯದ ಕಡತದಲ್ಲಿ ಉಳಿಯಬಹುದು. ಪಠ್ಯವನ್ನೆಲ್ಲ ಮೊದಲು ಬರೆದು ಚಿತ್ರಗಳನ್ನು ಕೊನೆಗೆ ಇಡುವುದು ಇದಕ್ಕೆ ಸುಲಭದ ಮದ್ದು. ಮ್ಯಾಕ್‌ನ ಆಪಲ್ ಮೇಲ್‌ನಲ್ಲಿ ಲಗತ್ತುಗಳನ್ನು ಯಾವಾಗಲೂ ಪತ್ರದ ಕೊನೆಗೇ ಸೇರಿಸು ಎಂಬ ಆಯ್ಕೆ ಇದೆ. ಪಡೆಯುವವರು ನೆನಪಿಡಬೇಕಾದ್ದು, ಇಂಥ ಕಡತ ಕಸವಲ್ಲ, ಪತ್ರದ ಉಳಿದ ಭಾಗ ಅದರಲ್ಲೇ ಇರಬಹುದು.

ಇಮೇಜ್001.ಪಿಎನ್‌ಜಿ, ಇಮೇಜ್002.ಜೆಪಿಜಿ ಮುಂತಾದವು ಸಾಮಾನ್ಯವಾಗಿ ಸಹಿಯ ಕೆಳಗಿನ ಲಾಂಛನಗಳು. ಶಾಲೆ, ಸಹಕಾರ ಸಂಘ, ಕಚೇರಿಗಳ ಪತ್ರಗಳಲ್ಲಿ ಇವು ಪ್ರತಿ ಉತ್ತರಕ್ಕೂ ಮತ್ತೆ ಸೇರುತ್ತ ಹೋಗಿ, ಹತ್ತನೆಯ ಉತ್ತರದ ಹೊತ್ತಿಗೆ ಒಂದು ಹಿಂಡೇ ಆಗಿರುತ್ತದೆ. ಎಚ್‌ಟಿಎಂಎಲ್‌ನಲ್ಲಿ ಇಂಥ ಚಿತ್ರಕ್ಕೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಪಠ್ಯದಲ್ಲಿ ಅದೇ ಸಂಖ್ಯೆಯನ್ನು ಕರೆದಾಗ ಚಿತ್ರ ತನ್ನ ಜಾಗದಲ್ಲಿ ಕೂರುತ್ತದೆ. ಪಡೆದವರು ಸರಳ ಪಠ್ಯವನ್ನಷ್ಟೇ ನೋಡುತ್ತಿದ್ದರೆ, ಅಥವಾ ನಡುವೆ ಯಾರೋ ಸರಳ ಪಠ್ಯದಲ್ಲಿ ಉತ್ತರಿಸಿದ್ದರೆ, ಕರೆಯುವ ಸಾಲು ಅಳಿದು ಚಿತ್ರ ಅನಾಥವಾಗುತ್ತದೆ. ಪರಿಣಾಮ, ಪತ್ರದಲ್ಲಿ ಏನೂ ಇಲ್ಲದಿದ್ದರೂ ಲಗತ್ತಿನ ಪಿನ್ನು ಕಾಣುತ್ತದೆ, ನಿಜವಾದ ಲಗತ್ತು ಯಾವುದೆಂದು ಹುಡುಕುವುದೇ ಕೆಲಸವಾಗುತ್ತದೆ. ಸಹಿಯನ್ನು ಅಕ್ಷರಗಳಲ್ಲೇ ಬರೆಯುವುದು ಸರಿಯಾದ ಅಭ್ಯಾಸ. ವರ್ಡ್‌ನಿಂದ ನೇರವಾಗಿ ನಕಲಿಸಿ ಅಂಟಿಸಿದ ಪಠ್ಯವೂ ಕೆಲವೊಮ್ಮೆ ಓಎಲ್‌ಇಡೇಟಾ.ಎಂಎಸ್‌ಒ ಎಂಬ ಕಡತವನ್ನು ಹೊತ್ತು ತರುತ್ತದೆ. ಅಂಟಿಸುವಾಗ ‘ಪಠ್ಯ ಮಾತ್ರ’ ಎಂಬ ಆಯ್ಕೆ ಬಳಸಿದರೆ ಅದು ಬಾರದು.

ಉಳಿದವು ತೊಡಕುಗಳೇ ಅಲ್ಲ. ಎಸ್‌ಮೈಮ್.ಪಿ7ಎಸ್ ಎಂಬುದು ಡಿಜಿಟಲ್ ಸಹಿ. ಪತ್ರ ದಾರಿಯಲ್ಲಿ ತಿದ್ದುಪಡಿಯಾಗಿಲ್ಲ ಎಂಬುದಕ್ಕೆ ಅದು ಸಾಕ್ಷಿ, ಅದನ್ನು ತೆರೆದು ಓದುವಂಥದ್ದು ಏನೂ ಇಲ್ಲ. ಸಿಗ್ನೇಚರ್.ಎಎಸ್‌ಸಿ ಅದೇ ಕೆಲಸದ ಇನ್ನೊಂದು ಪದ್ಧತಿ. ಇನ್‌ವೈಟ್.ಐಸಿಎಸ್ ಸಭೆಯ ಆಹ್ವಾನ, ದಿನದರ್ಶಿ ತಂತ್ರಾಂಶಕ್ಕೆ ಸೇರಬೇಕಾದದ್ದು. ಇಎಂಎಲ್ ಎಂಬ ಬಾಲದ ಕಡತ ಇಡಿಯಾಗಿ ಫಾರ್ವರ್ಡ್ ಮಾಡಿದ ಇನ್ನೊಂದು ಪತ್ರ. ನೋನೇಮ್ ಎಂಬುದು ಹೆಸರಿನ ಫಲಕವಿಲ್ಲದ ಭಾಗಕ್ಕೆ ಜಿಮೇಲ್ ಇಡುವ ಹೆಸರು, ಅದೇ ಭಾಗಕ್ಕೆ ಥಂಡರ್‌ಬರ್ಡ್ ‘ಪಾರ್ಟ್ 1.2’ ಎಂಬಂಥ ಹೆಸರಿಡುತ್ತದೆ.

ಕನ್ನಡದ ಲಗತ್ತುಗಳ ಸಮಸ್ಯೆಗೆ ತನ್ನದೇ ಇತಿಹಾಸವಿದೆ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ನೆಲೆಯೂರಿತು. ಕನ್ನಡಿಗರು ಗಣಕದಲ್ಲಿ ಕನ್ನಡ ಬರೆಯುವಂತಾದದ್ದು ಬಹುಮಟ್ಟಿಗೆ ಇವುಗಳಿಂದ, ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದದ್ದರಿಂದ ಫಾಂಟಿನ ಹೆಸರನ್ನು ಕಳಚಿದರೆ ಉಳಿಯುವುದು ದೊಡ್ಡ ಪಿ, ತಲೆಗೀಟಿನ ಎ, ಬ್ರಿಟಿಷ್ ಪೌಂಡಿನ ಗುರುತು ಮುಂತಾದ 7 ಚಿಹ್ನೆಗಳ ಸಾಲು. ಆದ್ದರಿಂದ ಇಂಥ ಪಠ್ಯಕ್ಕೆ ಉಡುಪು ಅಲಂಕಾರವಲ್ಲ, ಪ್ರಾಣ. ಸರಳ ಪಠ್ಯದಲ್ಲಿ ಕಳಿಸಿದರೆ ಕೆಡುತ್ತದೆ. ರಿಚ್ ಟೆಕ್ಸ್ಟಿನಲ್ಲಿ ಕಳಿಸಿದರೆ ವಿನ್‌ಮೇಲ್.ಡ್ಯಾಟ್ ಆಗುತ್ತದೆ. ಎಚ್‌ಟಿಎಂಎಲ್‌ನಲ್ಲಿ ಕಳಿಸಿದರೂ ಪಡೆದವರ ಮೊಬೈಲಿನಲ್ಲಿ ಆ ಫಾಂಟು ಇರುವುದಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ದಾರಿಯೇ ಪತ್ರವನ್ನು ಖಾಲಿ ಬಿಟ್ಟು, ವಿಷಯವನ್ನೆಲ್ಲ ವರ್ಡ್ ಅಥವಾ ಪಿಡಿಎಫ್ ಕಡತವಾಗಿ ಲಗತ್ತಿಸುವುದು. ಕೆಲವರು ಜೊತೆಗೆ ಫಾಂಟಿನ ಕಡತವನ್ನೂ ಕಳಿಸುತ್ತಿದ್ದರು. ನಾಲ್ಕು ಸಾಲಿನ ಪ್ರಕಟಣೆಗೂ ಲಗತ್ತು ಬೇಕು ಎಂಬ ರೂಢಿ ಕರಾವಳಿಯ ಕಚೇರಿ-ಅಂಗಡಿಗಳಲ್ಲಿ ಇಂದಿಗೂ ಉಳಿದಿರುವುದು ಆ ಕಾಲದ ಅನುಭವದಿಂದ.

ಈಗ ಆ ಕಾರಣ ಉಳಿದಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದವು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಫಾಂಟಿನೊಡನೆ ಬಂತು. ಇಂದಿನ ಮೊಬೈಲುಗಳಲ್ಲಿ ಕನ್ನಡ ಯೂನಿಕೋಡ್ ಮೊದಲಿನಿಂದಲೇ ಇರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಗೆ ಬೆರಳು ಒಗ್ಗಿದವರು ಅದೇ ಅಭ್ಯಾಸದಲ್ಲಿ ಯೂನಿಕೋಡ್ ಬರೆಯಬಹುದು, ಹೊಸದಾಗಿ ಕಲಿಯಬೇಕಾದದ್ದಿಲ್ಲ. ನುಡಿ ಮತ್ತು ಬರಹಗಳ ಹಳೆಯ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳೂ ಇವೆ. ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಪತ್ರವನ್ನು ಯೂನಿಕೋಡಿನಲ್ಲಿ ನೇರವಾಗಿ ಬರೆದರೆ ಉಡುಪು ಕಳಚಿದರೂ ಮಾತು ಉಳಿಯುತ್ತದೆ.

ಕಡತದ ಹೆಸರು ಕನ್ನಡದಲ್ಲಿದ್ದಾಗ ಇನ್ನೊಂದು ಸೂಕ್ಷ್ಮ ತೊಡಕು ಬರುತ್ತದೆ. ತಲೆಬರಹದಲ್ಲಿ ಆಸ್ಕಿಯಲ್ಲದ ಅಕ್ಷರಗಳನ್ನು ಬರೆಯುವ ಆರ್‌ಎಫ್‌ಸಿ 2047ರ ಕ್ರಮದಲ್ಲಿ ಒಂದು ತುಂಡಿನ ಮಿತಿ 75 ಅಕ್ಷರ. ಸಂಕೇತದ ಹೆಸರು ಮತ್ತು ಆಚೀಚಿನ ಗುರುತುಗಳಿಗೆ 12 ಹೋದರೆ, ಬೇಸ್64ರಲ್ಲಿ ಕನ್ನಡದ 15 ಸಂಕೇತಗಳಿಗಷ್ಟೇ ಜಾಗ. ‘ಹೊನ್ನಾವರ ತಾಲ್ಲೂಕು’ ಎಂಬ ಎರಡೇ ಪದಗಳಿಗೆ 16 ಸಂಕೇತ ಮತ್ತು ಒಂದು ಖಾಲಿ ಜಾಗ ಬೇಕು, ಅಂದರೆ ಅದೇ ಒಂದು ತುಂಡಿನಲ್ಲಿ ಹಿಡಿಯುವುದಿಲ್ಲ. ಇದೂ ಸಾಲದೆಂಬಂತೆ, ಕಡತದ ಹೆಸರಿಗೆ ಬಳಸಬೇಕಾದ ಕ್ರಮ ಆರ್‌ಎಫ್‌ಸಿ 2231 ಎಂಬ ಬೇರೆ ನಿಯಮದಲ್ಲಿದೆ. ಕೆಲವು ತಂತ್ರಾಂಶ ಒಂದನ್ನು, ಕೆಲವು ಇನ್ನೊಂದನ್ನು ಅನುಸರಿಸುತ್ತವೆ. ಹೊಂದಿಕೆ ತಪ್ಪಿದಾಗ ಹೆಸರು ಅರ್ಧಕ್ಕೆ ತುಂಡಾಗಿ, ಬಾಲವೂ ಕಳೆದು, ಪಿಡಿಎಫ್ ಕಡತ ಯಾವ ತಂತ್ರಾಂಶಕ್ಕೂ ಸೇರದ ಅನಾಮಿಕ ವಸ್ತುವಾಗುತ್ತದೆ. ಅರಬಿ ಮೂಲದ ಲಿಪಿಯ ಹೆಸರುಗಳಲ್ಲಿ ಇದರ ಜೊತೆಗೆ ದಿಕ್ಕಿನ ಗೊಂದಲವೂ ಸೇರುತ್ತದೆ: ಹೆಸರು ಬಲದಿಂದ ಎಡಕ್ಕೆ, ಬಾಲ ಎಡದಿಂದ ಬಲಕ್ಕೆ ಓಡುವುದರಿಂದ ಯಾವುದು ಕೊನೆ ಎಂಬುದು ಕಣ್ಣಿಗೆ ತಿಳಿಯದು. ಇಲ್ಲಿ ಮಾತ್ರ ಕನ್ನಡದ ಹಟ ಬಿಟ್ಟು ಕಡತಕ್ಕೆ ಚಿಕ್ಕ ಇಂಗ್ಲಿಷ್ ಹೆಸರಿಡುವುದು ಒಳ್ಳೆಯದು. ಹೆಸರು ಕಳೆದ ಕಡತಕ್ಕೆ ಸರಿಯಾದ ಬಾಲವನ್ನು ಕೈಯಿಂದ ಸೇರಿಸಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ವಿನ್‌ಮೇಲ್.ಡ್ಯಾಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದು, ಇಲ್ಲಿ ಸರಕು ಸರಿಯಿದ್ದು ಚೀಟಿ ಮಾತ್ರ ಹರಿದಿದೆ.

ಕಾರಣ ಪತ್ತೆಹಚ್ಚಲು ಪತ್ರದ ಮೂಲರೂಪವನ್ನು ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಗಣಕದಲ್ಲಿ ಜಿಮೇಲ್ ತೆರೆದು ಪತ್ರದ ಬಲಬದಿಯ ಮೂರು ಚುಕ್ಕೆಗಳ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಒತ್ತಬೇಕು. ಥಂಡರ್‌ಬರ್ಡ್‌ನಲ್ಲಾದರೆ ಕಂಟ್ರೋಲ್ ಮತ್ತು ಯು ಕೀಲಿಗಳು. ಅಲ್ಲಿ ಕಂಟೆಂಟ್-ಟೈಪ್ ಎಂಬ ಸಾಲುಗಳನ್ನಷ್ಟೇ ಓದುತ್ತ ಇಳಿದರೆ ಪತ್ರದ ಅಸ್ಥಿಪಂಜರ ಕಾಣುತ್ತದೆ. ‘ಎಂಎಸ್-ಟಿನೆಫ್’ ಎಂದಿದ್ದರೆ ರಿಚ್ ಟೆಕ್ಸ್ಟ್, ಪಠ್ಯದ ನಡುವೆ ಚಿತ್ರ ಬಂದು ಮತ್ತೆ ಪಠ್ಯವಿದ್ದರೆ ಎಟಿಟಿ ತೊಡಕು, ‘ಪಿಕೆಸಿಎಸ್7-ಸಿಗ್ನೇಚರ್’ ಎಂದಿದ್ದರೆ ಡಿಜಿಟಲ್ ಸಹಿ. ಪತ್ರ ಯಾವ ತಂತ್ರಾಂಶದಿಂದ ಹೊರಟಿತು ಎಂಬುದು ಕೆಲವು ಸಲ ಎಕ್ಸ್-ಮೇಲರ್ ಸಾಲಿನಲ್ಲಿ ಸಿಗುತ್ತದೆ. ನಂತರ ಒಂದೊಂದೇ ಅಂಶ ಬದಲಿಸಿ ಪರೀಕ್ಷಿಸಬೇಕು: ಅದೇ ಪತ್ರ ಸರಳ ಪಠ್ಯದಲ್ಲಿ, ಸಹಿಯಿಲ್ಲದೆ, ಲಗತ್ತಿಲ್ಲದೆ, ಬೇರೆ ಬೇರೆ ಕಂಪನಿಗಳ ಎರಡು ಅಂಚೆಪೆಟ್ಟಿಗೆಗಳಿಗೆ. ಎಲ್ಲ ಕಡೆಯೂ ತೊಂದರೆ ಕಂಡರೆ ದೋಷ ಕಳಿಸುವ ಕಡೆಯದು, ಒಂದೇ ಕಡೆ ಕಂಡರೆ ಆ ಪೆಟ್ಟಿಗೆಯದು. ಪರೀಕ್ಷೆಗೆಂದು ತೊಂದರೆಯ ಪತ್ರವನ್ನು ಸಾಮಾನ್ಯ ರೀತಿಯಲ್ಲಿ ಫಾರ್ವರ್ಡ್ ಮಾಡಬಾರದು, ಫಾರ್ವರ್ಡ್ ಮಾಡುವ ತಂತ್ರಾಂಶ ಅದನ್ನು ಮತ್ತೆ ಕಟ್ಟಿ ಮೂಲ ಕುರುಹುಗಳನ್ನು ಅಳಿಸುತ್ತದೆ. ಇಎಂಎಲ್ ಕಡತವಾಗಿ ಉಳಿಸಿ ಲಗತ್ತಿಸಿದರೆ ಕುರುಹು ಹಾಗೇ ಉಳಿಯುತ್ತದೆ. ಗಾತ್ರದ ಲೆಕ್ಕವನ್ನೂ ಮರೆಯುವಂತಿಲ್ಲ. ಬೇಸ್64 ಕಡತವನ್ನು ಸುಮಾರು ಮೂರನೆಯ ಒಂದರಷ್ಟು ಹಿಗ್ಗಿಸುವುದರಿಂದ 10 ಎಂಬಿ ಮಿತಿಯ ಸರ್ವರಿಗೆ 8 ಎಂಬಿ ಕಡತ ಹೋಗದೆ ಹಿಂದಿರುಗುತ್ತದೆ. ಆಗ ಹಿಂದಿರುಗಿದ ಸೂಚನೆಯ ಜೊತೆಗೂ ಒಂದೆರಡು ಅಪರಿಚಿತ ಕಡತಗಳಿರುತ್ತವೆ, ಅವು ವಿಫಲತೆಯ ವರದಿಗಳು.

ಅನಿರೀಕ್ಷಿತ ಲಗತ್ತೆಲ್ಲ ನಿರಪಾಯಕಾರಿ ಎಂದು ಇದರಿಂದ ತಿಳಿಯಬಾರದು. ವಂಚಕರು ಇದೇ ಪರಿಚಿತ ಹೆಸರುಗಳನ್ನು ಬಳಸಬಲ್ಲರು. ಎಚ್‌ಟಿಎಂ ಕಡತ ತೆರೆದಾಗ ಪಾಸ್‌ವರ್ಡ್ ಕೇಳಿದರೆ ಅದು ಪತ್ರದ ಬಾಲವಲ್ಲ, ಬಲೆ. ಇಎಕ್ಸ್‌ಇ, ಜೆಎಸ್, ಐಎಸ್‌ಒ ಬಾಲದ ಕಡತಗಳು ಸಂದೇಶರೂಪದ ತೊಡಕಿನಿಂದ ಹುಟ್ಟುವುದೇ ಇಲ್ಲ. ವಿನ್‌ಮೇಲ್.ಡ್ಯಾಟ್ ಬಿಚ್ಚಿದಾಗ ಸಿಗುವ ಕಡತವನ್ನೂ ಹೊರಗಿನಿಂದ ಬಂದ ಯಾವುದೇ ಕಡತದಂತೆ ಪರೀಕ್ಷಿಸಿಯೇ ತೆರೆಯಬೇಕು. ಪರಿಚಿತರ ಹೆಸರಿನಲ್ಲಿ ಬಂದಿದ್ದರೂ ಅನುಮಾನವಿದ್ದರೆ ಉತ್ತರ ಬರೆದು ಕೇಳುವ ಬದಲು ಫೋನಿನಲ್ಲಿ ಕೇಳುವುದು ಸುರಕ್ಷಿತ, ಅವರ ಪೆಟ್ಟಿಗೆಯೇ ಪರರ ಕೈಯಲ್ಲಿರಬಹುದು. ಹಣ ಕಳೆದುಹೋದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.